ಕವಲಿಗೆ ಮುನ್ನೂರು ಮೀಟರ್ ಇರುವಾಗ: ಗೂಗಲ್ ಮ್ಯಾಪ್ಸ್, ಮ್ಯಾಪಲ್ಸ್ ಹೊಸ ಸೌಲಭ್ಯಗಳು ನಮ್ಮ ರಸ್ತೆಗೆ ಎಷ್ಟು ಒಗ್ಗುತ್ತವೆ

ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುವ ಕಾರು 300 ಮೀಟರ್ ದಾಟಲು ಹೆಚ್ಚೆಂದರೆ 11 ಸೆಕೆಂಡ್. ಊರೊಳಗೆ 40ರಲ್ಲಿ ಹೋಗುತ್ತಿದ್ದರೆ 27 ಸೆಕೆಂಡ್. ಎಡಕ್ಕೆ ಹೊರಳಬೇಕಾ, ಫ್ಲೈಓವರ್ ಹತ್ತಬೇಕಾ, ಸರ್ವೀಸ್ ರೋಡಿಗೆ ಇಳಿಯಬೇಕಾ ಅನ್ನುವುದು ಅಷ್ಟರಲ್ಲೇ ತೀರ್ಮಾನ ಆಗಬೇಕು. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಪಕ್ಕದವರು ಜಾಗ ಬಿಡುವ ಹೊತ್ತಿಗೆ ಕೈಯಲ್ಲಿ ಉಳಿಯುವುದು ಮೂರೋ ನಾಲ್ಕೋ ಸೆಕೆಂಡ್. ನ್ಯಾವಿಗೇಶನ್ ಆ್ಯಪ್‌ಗಳಲ್ಲಿ ಈಚಿನ ವರ್ಷಗಳಲ್ಲಿ ಬಂದ ಹೊಸ ಸೌಲಭ್ಯಗಳನ್ನು ಇಲ್ಲಿ ಇದೇ ಅಳತೆಗೋಲಿನಿಂದ ನೋಡಿದ್ದೇವೆ: ಕವಲಿಗೆ 300 ಮೀಟರ್ ಇರುವಾಗ ಆ್ಯಪ್ ಏನು ಹೇಳುತ್ತದೆ, ಅದು ಚಾಲಕನಿಗೆ ಗೊಂದಲವಿಲ್ಲದೆ ತಲುಪುತ್ತದಾ? ಮುಖ್ಯವಾಗಿ ಗೂಗಲ್ ಮ್ಯಾಪ್ಸ್ ಮತ್ತು ಮ್ಯಾಪ್‌ಮೈಇಂಡಿಯಾ ಕಂಪನಿಯ ಮ್ಯಾಪಲ್ಸ್. ನೆಟ್‌ವರ್ಕ್ ಸಿಗದ ಕಡೆಗೆ ಆಫ್‌ಲೈನ್ ನಕ್ಷೆಯ ಆ್ಯಪ್ ಆಸ್ಮ್‌ಆ್ಯಂಡ್. ರಸ್ತೆಗಳೆಲ್ಲ ಕರ್ನಾಟಕದವು.

ಮೇಲೋ, ಕೆಳಗೋ

ಬೆಂಗಳೂರಿನಲ್ಲಿ ಕಾರು ಓಡಿಸುವವರ ದೊಡ್ಡ ತಲೆನೋವು ಇದೇ ಆಗಿತ್ತು. ಮುಂದೆ ಫ್ಲೈಓವರ್ ಕಾಣುತ್ತಿರುತ್ತದೆ, ಫೋನು ‘ನೇರವಾಗಿ ಹೋಗಿ’ ಅನ್ನುತ್ತದೆ. ಮೇಲೂ ನೇರ, ಕೆಳಗೂ ನೇರ. 2024ರ ಜುಲೈನಲ್ಲಿ ಗೂಗಲ್ ಮ್ಯಾಪ್ಸ್ ಭಾರತದ 40 ನಗರಗಳಿಗೆ ಫ್ಲೈಓವರ್ ಸೂಚನೆ ತಂದಿತು. ಮೊದಲು ಆಂಡ್ರಾಯ್ಡ್ ಫೋನು, ಅದನ್ನು ಕಾರಿನ ತೆರೆಗೆ ಜೋಡಿಸುವ ಆಂಡ್ರಾಯ್ಡ್ ಆಟೋಗೆ ಕೊಟ್ಟು, ಐಫೋನ್ ಮತ್ತು ಅದರ ಕಾರ್‌ಪ್ಲೇಗೆ ಆಮೇಲೆ ಕೊಡುವುದಾಗಿ ಹೇಳಿತ್ತು. ಫ್ಲೈಓವರ್ ಹತ್ತಬೇಕಾದ ಕಡೆ ಈಗ ಆ ಮಾತನ್ನೇ ಬಿಡಿಸಿ ಹೇಳುತ್ತದೆ, ತೆರೆಯ ಮೇಲೂ ಗುರುತು ಬರುತ್ತದೆ. ಚಿಕ್ಕ ಬದಲಾವಣೆ ಅನ್ನಿಸಬಹುದು. ದಿನಾ ಓಡಾಡುವವರಿಗೆ ಇಷ್ಟು ವರ್ಷಗಳಲ್ಲಿ ಬಂದ ಅತ್ಯಂತ ಉಪಯುಕ್ತ ಸುಧಾರಣೆ ಇದು ಎಂದು ಧೈರ್ಯವಾಗಿ ಹೇಳಬಹುದು.

ಆದರೆ ಸೂಚನೆ ಕೊಡುವುದು ಒಂದು ಕೆಲಸ, ನೀವು ಹತ್ತಿದಿರೋ ಇಲ್ಲವೋ ಎಂದು ತಿಳಿಯುವುದು ಇನ್ನೊಂದು. ಈ ಎರಡನೆಯದರಲ್ಲಿ ಎಲ್ಲ ಆ್ಯಪ್‌ಗಳೂ ಎಡವುತ್ತವೆ, ಯಾಕೆಂದು ಗೊತ್ತಿದ್ದರೆ ಒಳ್ಳೆಯದು. ಬಯಲಿನಲ್ಲಿ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ನಿಖರವಾಗಿರುತ್ತದೆ. ಎತ್ತರದ ಲೆಕ್ಕದಲ್ಲಿ ತಪ್ಪು ಅದಕ್ಕಿಂತ ಹೆಚ್ಚು, ಯಾಕೆಂದರೆ ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿನ ಕಡೆಯಷ್ಟೇ ಇರುತ್ತವೆ, ಕಾಲಡಿಯಿಂದ ಅಳೆಯಲು ಯಾವುದೂ ಇಲ್ಲ. ಫ್ಲೈಓವರಿನ ಎತ್ತರವೇ ಏಳೆಂಟು ಮೀಟರ್ ಇರುವಾಗ, ಮೇಲಿದ್ದೀರೋ ಕೆಳಗಿದ್ದೀರೋ ಎಂಬುದು ತಪ್ಪಿನ ಅಳತೆಯೊಳಗೇ ಮುಳುಗಿಹೋಗುತ್ತದೆ. ಹಾಗಾಗಿ ಆ್ಯಪ್ ಊಹೆ ಮಾಡುತ್ತದೆ: ಹತ್ತಲು ಹೇಳಿದ್ದೇನೆ, ಹತ್ತಿರಬೇಕು. ರ‍್ಯಾಂಪ್ ತಪ್ಪಿಸಿಕೊಂಡು ಕೆಳಗೇ ಹೋದರೂ ನೀಲಿ ಬಾಣ ಮೇಲೆಯೇ ಓಡುತ್ತಿರುತ್ತದೆ. ಎರಡು ರಸ್ತೆಗಳು ಒಂದರಿಂದ ಒಂದು ದೂರ ಸರಿಯುವವರೆಗೂ ತಪ್ಪು ಅದಕ್ಕೆ ತಿಳಿಯುವುದಿಲ್ಲ.

ರಾಗಿಗುಡ್ಡದಿಂದ ಸೆಂಟ್ರಲ್ ಸಿಲ್ಕ್ ಬೋರ್ಡ್‌ವರೆಗಿನ ಡಬಲ್ ಡೆಕ್ಕರ್ ಫ್ಲೈಓವರ್ ತೆಗೆದುಕೊಳ್ಳಿ. 2024ರ ಜುಲೈನಲ್ಲಿ ವಾಹನಗಳಿಗೆ ತೆರೆದ 3.36 ಕಿ.ಮೀ. ಉದ್ದದ ರಸ್ತೆ ಅದು. ಎಲ್ಲಕ್ಕಿಂತ ಮೇಲೆ ಮೆಟ್ರೊ, ನಡುವೆ ಫ್ಲೈಓವರ್, ಕೆಳಗೆ ಹಳೆಯ ರಸ್ತೆ. ಕೆಳಗಿನ ರಸ್ತೆಯಲ್ಲಿ ನಿಂತವರಿಗೆ ಆಕಾಶದ ಬಹುಪಾಲು ಕಾಂಕ್ರೀಟಿನಿಂದ ಮುಚ್ಚಿರುತ್ತದೆ. ಉಪಗ್ರಹದ ಸಂಕೇತ ನೇರವಾಗಿ ಬಾರದೆ ಪಕ್ಕದ ಕಟ್ಟಡಕ್ಕೆ ಬಡಿದು ತಿರುಗಿ ಬರುತ್ತದೆ. ಬಾಣ ಪಕ್ಕದ ಬೀದಿಗೆ ಜಿಗಿಯುವುದು ಅದಕ್ಕೇ. ಮೇಲಿನ ರಸ್ತೆಯಲ್ಲೂ ನೆತ್ತಿಯ ಮೇಲೆ ಮೆಟ್ರೊ ಸೇತುವೆ ಇದೆ. ಹೊಸೂರು ರಸ್ತೆಯ ಸುಮಾರು 10 ಕಿ.ಮೀ. ಎಲೆಕ್ಟ್ರಾನಿಕ್ ಸಿಟಿ ಎಲಿವೇಟೆಡ್ ರಸ್ತೆಯಲ್ಲಿ ಆಕಾಶ ತೆರೆದಿರುವುದರಿಂದ ಬಾಣ ಜಿಗಿಯುವುದಿಲ್ಲ. ಅಲ್ಲಿನ ತೊಂದರೆ ಮೇಲೆ–ಕೆಳಗಿನ ಗೊಂದಲ ಒಂದೇ.

ಗುರುತಿಸುವ ಉಪಾಯ ಇದೆ. ಕೆಳಗಿದ್ದೀರಿ, ಎದುರಿಗೆ ಸಿಗ್ನಲ್ ಕಾಣುತ್ತಿದೆ, ಆದರೆ ಫೋನು ಮುಂದಿನ ಮೂರ್ನಾಲ್ಕು ಕಿಲೋಮೀಟರ್ ಯಾವ ತಿರುವನ್ನೂ ತೋರಿಸುತ್ತಿಲ್ಲ ಅಂದರೆ ಅದು ನಿಮ್ಮನ್ನು ಮೇಲಿದ್ದೀರೆಂದು ಎಣಿಸಿದೆ. ಆಗ ಅದರ ಮಾತು ಬಿಟ್ಟು ಬೋರ್ಡ್ ನೋಡಿ ಓಡಿಸಿ. ಎಡಕ್ಕೆ ಯಾವುದಾದರೂ ಅಡ್ಡರಸ್ತೆಗೆ 50–60 ಮೀಟರ್ ಹೋದರೆ ಆ್ಯಪ್ ಎಚ್ಚೆತ್ತು ಹೊಸ ದಾರಿ ಲೆಕ್ಕಹಾಕುತ್ತದೆ. ಚೀನಾದ ಅಮ್ಯಾಪ್‌ನಲ್ಲಿ ‘ಸೇತುವೆ ಮೇಲೆ / ಸೇತುವೆ ಕೆಳಗೆ’ ಎಂದು ಒಂದೇ ಬಟನ್ ಇದೆ. ಚಾಲಕ ಒಮ್ಮೆ ಮುಟ್ಟಿ ತಿದ್ದಬಹುದು. ಇಷ್ಟು ಸರಳವಾದದ್ದನ್ನು ನಮ್ಮಲ್ಲಿ ಎರಡೂ ಕಂಪನಿಯವರು ತುರ್ತಾಗಿ ತರಬೇಕು. ಬೆಂಗಳೂರಿಗೆ ಅದರ ಅಗತ್ಯ ದಿನಕ್ಕೆ ಸಾವಿರ ಸಲ ಬೀಳುತ್ತದೆ.

ಕವಲನ್ನು ತೋರಿಸುವ ವಿಷಯದಲ್ಲಿ ಮ್ಯಾಪಲ್ಸ್ ಒಂದು ಹೆಜ್ಜೆ ಮುಂದಿದೆ. 1995ರಲ್ಲಿ ಶುರುವಾದ ಮ್ಯಾಪ್‌ಮೈಇಂಡಿಯಾ ಬಹಳ ಕಾರು ಕಂಪನಿಗಳಿಗೆ ನಕ್ಷೆ ಕೊಡುತ್ತ ಬಂದಿದೆ. ಆ ಅನುಭವ ಇಲ್ಲಿ ಕಾಣುತ್ತದೆ. ದೊಡ್ಡ ಜಂಕ್ಷನ್ ಹತ್ತಿರ ಬಂದಂತೆ ತೆರೆಯ ಒಂದು ಭಾಗದಲ್ಲಿ ಜಂಕ್ಷನ್ನಿನ ಮೂರು ಆಯಾಮದ ಚಿತ್ರ ತೆರೆದುಕೊಳ್ಳುತ್ತದೆ. ರ‍್ಯಾಂಪ್ ಎಲ್ಲಿ ಸೀಳುತ್ತದೆ, ನೀವು ಯಾವ ಲೇನ್ ಹಿಡಿಯಬೇಕು ಎಂದು ಅದರ ಮೇಲೆ ಬಾಣ ಬರೆದಿರುತ್ತದೆ. ಮೇಲಿನಿಂದ ನೋಡಿದ ನಕ್ಷೆಯ ಗೆರೆಯನ್ನು ಮನಸ್ಸಿನಲ್ಲೇ ತಿರುಗಿಸಿ ಎದುರಿನ ರಸ್ತೆಗೆ ಹೊಂದಿಸುವ ಶ್ರಮ ತಪ್ಪುತ್ತದೆ. ಮಳೆಗಾಲದ ರಾತ್ರಿ ಲೇನ್ ಗೆರೆ ಕಾಣದಿರುವಾಗ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಎಲ್ಲ ಜಂಕ್ಷನ್‌ಗೂ ಈ ಚಿತ್ರ ಇಲ್ಲ. ಕಾಮಗಾರಿ ನಡೆಯುತ್ತಿರುವ ಕಡೆ ಹಳೆಯ ಚಿತ್ರ ಬರಬಹುದು. ಬ್ಯಾರಿಕೇಡ್ ಕಂಡರೆ ಬ್ಯಾರಿಕೇಡ್ ಹೇಳಿದ್ದೇ ಸರಿ.

ಸಿಗ್ನಲ್ ಎಷ್ಟು ಸೆಕೆಂಡಿಗೆ ಬದಲಾಗುತ್ತದೆ ಎಂದು ತೋರಿಸುವ ಸೌಲಭ್ಯವನ್ನೂ ಮ್ಯಾಪಲ್ಸ್ 2025ರಲ್ಲಿ ಬೆಂಗಳೂರು ಸಂಚಾರ ಪೊಲೀಸರ ಜೊತೆ ಸೇರಿ ತಂದಿತು. ನಿಂತಾಗ ಎಂಜಿನ್ ಆಫ್ ಮಾಡಬಹುದಾ ಎಂದು ತಿಳಿಯಲು ಚೆನ್ನಾಗಿದೆ. ದೂರದಿಂದಲೇ ಲೆಕ್ಕ ಹಾಕಿ ಹಸಿರು ಹಿಡಿಯಲು ವೇಗ ಹೆಚ್ಚಿಸುವುದಕ್ಕೆ ಖಂಡಿತ ಬಳಸಬೇಡಿ. ವಾಹನ ಸಾಂದ್ರತೆ ನೋಡಿ ಸಮಯ ಹೊಂದಿಸಿಕೊಳ್ಳುವ ಸಿಗ್ನಲ್‌ಗಳಲ್ಲಿ ಹಸಿರಿನ ಅವಧಿ ನಡುವೆಯೇ ಬದಲಾಗುತ್ತದೆ.

ಫೋನು ಸರಿ ಇಲ್ಲದಿದ್ದರೆ ಆ್ಯಪ್ ಏನು ಮಾಡೀತು

ದುಬಾರಿ ಅಲ್ಲದ ಫೋನಿನಲ್ಲಿ ಬಾಣ ಯಾಕೆ ತೂಗಾಡುತ್ತದೆ ಎಂಬುದಕ್ಕೆ ಒಂದು ಮುಖ್ಯ ಕಾರಣ ಸಂಕೇತದ ಆವರ್ತನ. ಹಳೆಯ, ಅಗ್ಗದ ಫೋನುಗಳು ಎಲ್1 ಎಂಬ ಒಂದೇ ಆವರ್ತನ, ಅಂದರೆ 1575.42 ಮೆಗಾಹರ್ಟ್ಜ್, ಕೇಳಿಸಿಕೊಳ್ಳುತ್ತವೆ. ಹೊಸ ಫೋನುಗಳಲ್ಲಿ ಹಲವು ಎಲ್5 ಅನ್ನೂ, ಅಂದರೆ 1176.45 ಮೆಗಾಹರ್ಟ್ಜ್ ಅನ್ನೂ ಹಿಡಿಯುತ್ತವೆ. ಎರಡೂ ಇದ್ದರೆ ಕಟ್ಟಡಕ್ಕೆ ಬಡಿದು ಬಂದ ಸಂಕೇತವನ್ನೂ ನೇರವಾಗಿ ಬಂದದ್ದನ್ನೂ ಬೇರೆ ಮಾಡುವುದು ಸುಲಭ. ದಾರಿ ತೋರಿಸಲೆಂದೇ ಇರುವ ಇಸ್ರೋದ ನಾವಿಕ್ ಉಪಗ್ರಹಗಳೂ ಎಲ್5ರಲ್ಲೇ ಪ್ರಸಾರ ಮಾಡುತ್ತವೆ. ಅದೇ ಸಾಲಿನಲ್ಲಿ 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01 ಎಲ್1ನ್ನೂ ಸೇರಿಸಿತು. ನಿಮ್ಮ ಫೋನಿನಲ್ಲಿ ಏನಿದೆ ಎಂದು ತಿಳಿಯಲು ‘ಜಿಪಿಎಸ್‌ಟೆಸ್ಟ್’ ಎಂಬ ಉಚಿತ ಆ್ಯಪ್ ಹಾಕಿ, ಆಕಾಶ ಕಾಣುವ ಕಡೆ ಎರಡು ನಿಮಿಷ ಇಡಿ. ಉಪಗ್ರಹಗಳ ಪಟ್ಟಿಯಲ್ಲಿ ಎಲ್5 ಸಾಲುಗಳು ಕಂಡರೆ ಸರಿ. ಹೊಸ ಫೋನ್ ಕೊಳ್ಳುವ ಚಾಲಕರು, ಅದರಲ್ಲೂ ಕ್ಯಾಬ್ ಮತ್ತು ಡೆಲಿವರಿ ಕೆಲಸದವರು, ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಮೊದಲು ಇದನ್ನು ನೋಡಬೇಕು.

ಬೇಸ್‌ಮೆಂಟ್ ಪಾರ್ಕಿಂಗ್‌ನಿಂದ ಹೊರಡುವಾಗ ಆಗುವ ಎಡವಟ್ಟಿಗೂ ಕಾರಣ ಇದೆ. ಉಪಗ್ರಹವೊಂದು ತಾನು ಎಲ್ಲಿದ್ದೇನೆ ಎಂಬ ಪೂರ್ತಿ ವಿವರವನ್ನು ಪ್ರಸಾರ ಮಾಡಲು 30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಮೊಬೈಲ್ ಡೇಟಾ ಇದ್ದರೆ ಆ ವಿವರ ಇಂಟರ್ನೆಟ್ ಮೂಲಕ ಬೇಗ ಸಿಗುತ್ತದೆ, ಇಲ್ಲದಿದ್ದರೆ ಕಾಯಲೇಬೇಕು. ನೆಲಮಾಳಿಗೆಯಲ್ಲಿ ನ್ಯಾವಿಗೇಶನ್ ಶುರು ಮಾಡಿ ಗೇಟು ದಾಟಿದ ತಕ್ಷಣ ಆ್ಯಪ್ ತಪ್ಪು ದಿಕ್ಕಿಗೆ ತಿರುಗಿಸುವುದು ಇದಕ್ಕೇ. ಗೇಟಿನಾಚೆ ಬದಿಗೆ ನಿಂತು ಅರ್ಧ ನಿಮಿಷ ಕೊಟ್ಟು ಹೊರಡಿ.

ಫೋನನ್ನು ಎಸಿ ಗಾಳಿ ಬೀಳುವ ಕಡೆ ಹೋಲ್ಡರಿನಲ್ಲಿ ಸಿಕ್ಕಿಸಿ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲಿಟ್ಟು ಚಾರ್ಜಿಗೂ ಹಾಕಿದರೆ ಕಾದು ತೆರೆ ಮಂಕಾಗುತ್ತದೆ, ಕೊನೆಗೆ ಫೋನೇ ನಿಧಾನವಾಗುತ್ತದೆ. ಗಾಜಿಗೆ ಲೋಹದ ಅಂಶವಿರುವ ಫಿಲ್ಮ್ ಅಂಟಿಸಿದ್ದರೆ ಜಿಪಿಎಸ್ ಸಂಕೇತವೂ ಕುಗ್ಗುತ್ತದೆ. ಬ್ಯಾಟರಿ ಸೇವರ್ ಆಫ್ ಇರಲಿ, ಲೊಕೇಶನ್ ಅನುಮತಿಯಲ್ಲಿ ‘ಪ್ರಿಸೈಸ್’ ಆನ್ ಇರಲಿ. ಕಾನೂನಿನ ಮಾತು: 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿ ಪ್ರಕಾರ ಫೋನನ್ನು ದಾರಿ ನೋಡಲು ಮಾತ್ರ, ಗಮನ ಕೆಡದ ಹಾಗೆ ಬಳಸಬಹುದು. ಓಡಿಸುತ್ತ ವಿಳಾಸ ಟೈಪ್ ಮಾಡುವುದಕ್ಕೆ ಆ ರಿಯಾಯಿತಿ ಅನ್ವಯಿಸುವುದಿಲ್ಲ.

ಓಣಿಗೆ ನುಗ್ಗಿಸುವ ಚಾಳಿ

ಎರಡು ನಿಮಿಷ ಉಳಿಸಲು ಕಾರನ್ನು ಓಣಿಯೊಳಗೆ ತೂರಿಸುವುದು ಗೂಗಲ್ ಮ್ಯಾಪ್ಸ್ ಮೇಲಿನ ಹಳೆಯ ದೂರು. ಫ್ಲೈಓವರ್ ಸೂಚನೆಯ ಜೊತೆಗೇ ಇದಕ್ಕೂ ಪರಿಹಾರ ಬಂತು. ಉಪಗ್ರಹ ಚಿತ್ರ, ಸ್ಟ್ರೀಟ್ ವ್ಯೂ, ರಸ್ತೆಯ ಬಗೆ, ಎರಡು ಬದಿಯ ಕಟ್ಟಡಗಳ ನಡುವಿನ ಅಂತರ ಇವನ್ನೆಲ್ಲ ಕೂಡಿಸಿ ರಸ್ತೆಯ ಅಗಲವನ್ನು ಅಂದಾಜು ಮಾಡಿ, ನಾಲ್ಕು ಚಕ್ರದ ವಾಹನಕ್ಕೆ ಕಿರಿದಾದದ್ದನ್ನು ಆದಷ್ಟು ಬಿಡುವ ಏರ್ಪಾಡು. ಮೊದಲ ಕಂತಿನ ಎಂಟು ನಗರಗಳಲ್ಲಿ ಕರ್ನಾಟಕದಿಂದ ಬೆಂಗಳೂರು ಒಂದೇ. ಉಳಿದವು ಹೈದರಾಬಾದ್, ಚೆನ್ನೈ, ಕೊಯಮತ್ತೂರು, ಇಂದೋರ್, ಭೋಪಾಲ್, ಭುವನೇಶ್ವರ, ಗುವಾಹಟಿ.

ಇದರ ಮಿತಿ ಎಲ್ಲಿದೆ ಎಂದು ಮೇಲಿನ ವಿವರದಲ್ಲೇ ಕಾಣುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ 20 ಅಡಿ ಇದ್ದರೂ ಎರಡು ಬದಿಯಲ್ಲಿ ಕಾರು ನಿಲ್ಲಿಸಿದ್ದರೆ ಉಳಿಯುವುದು ಎಂಟೇ ಅಡಿ. ಸಂಜೆ ಆರರ ನಂತರ ಎಲ್ಲರೂ ಮನೆಗೆ ಬಂದು ಕಾರು ನಿಲ್ಲಿಸಿದ ಮೇಲೆ ಕ್ರಾಸ್ ರಸ್ತೆಗಳ ನಿಜವಾದ ಅಗಲ ಯಾವ ಉಪಗ್ರಹಕ್ಕೂ ಗೊತ್ತಿಲ್ಲ. ಟ್ರಾನ್ಸ್‌ಫಾರ್ಮರ್ ಕಂಬ, ಮೂಲೆಯಲ್ಲಿ ಸುರಿದ ಜಲ್ಲಿ, ಶಾಮಿಯಾನ ಯಾವುದೂ ಲೆಕ್ಕಕ್ಕಿಲ್ಲ. ದೊಡ್ಡ ಗಾಡಿಯವರು ಹೊರಡುವ ಮುಂಚೆ ದಾರಿಯ ಕೊನೆಯ ಒಂದು ಕಿಲೋಮೀಟರನ್ನು ಹಿಗ್ಗಿಸಿ ನೋಡಬೇಕು. ಸ್ಟ್ರೀಟ್ ವ್ಯೂ ಬೆಂಗಳೂರಿಗೆ 2022ರ ಜುಲೈನಿಂದಲೇ ಇದೆ. ಕೊನೆಯ ತಿರುವಿನ ಮೇಲೆ ಬೆರಳು ಒತ್ತಿ ಹಿಡಿದರೆ ಮೂಲೆಯ ಫೋಟೊ ಬರುತ್ತದೆ, ಎಡಗಡೆ ಗೋಡೆ ಇದೆಯೋ ಮೋರಿ ಇದೆಯೋ ಕಾಣುತ್ತದೆ.

ಮಲೆನಾಡು, ಕೊಡಗಿನ ತೋಟದ ರಸ್ತೆಗಳಿಗೆ ಈ ಅಗಲದ ಲೆಕ್ಕ ಇಲ್ಲ. ಅಲ್ಲಿ ಆ್ಯಪ್ ಹೇಳುವ ‘ಏಳು ನಿಮಿಷ ಬೇಗ’ ಎಂಬ ದಾರಿ ಎಸ್ಟೇಟ್ ಗೇಟಿಗೆ ಬಂದು ನಿಲ್ಲಬಹುದು. ಎದುರಿಗೆ ಜೀಪು ಬಂದರೆ ಅರ್ಧ ಕಿಲೋಮೀಟರ್ ರಿವರ್ಸ್. ಉಳಿತಾಯ ಹತ್ತು ನಿಮಿಷಕ್ಕಿಂತ ಕಡಿಮೆ ಇದ್ದರೆ ಮುಖ್ಯ ರಸ್ತೆಯನ್ನೇ ಹಿಡಿಯಿರಿ.

ಬೆಂಗಳೂರು–ಮೈಸೂರು ಹೆದ್ದಾರಿ ಎಂಬ ಪರೀಕ್ಷೆ

119 ಕಿ.ಮೀ. ಉದ್ದದ ಈ ಹೆದ್ದಾರಿ ನ್ಯಾವಿಗೇಶನ್ ಆ್ಯಪ್‌ಗಳ ಎಲ್ಲ ಸೆಟ್ಟಿಂಗನ್ನೂ ಒಂದೇ ಪ್ರಯಾಣದಲ್ಲಿ ಪರೀಕ್ಷಿಸುತ್ತದೆ. ನಡುವೆ ಆರು ಪಥದ ಮುಖ್ಯ ರಸ್ತೆ, ಎರಡು ಬದಿಗೂ ಸರ್ವೀಸ್ ರೋಡ್. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಬೈಪಾಸ್. ಮದ್ದೂರಿನಲ್ಲಿ ವಡೆ ತಿನ್ನಬೇಕೆಂದರೆ ಬೈಪಾಸಿಗೆ ಮುಂಚೆಯೇ ಇಳಿಯಬೇಕು. ತಪ್ಪಿಸಿಕೊಂಡರೆ ಮುಂದಿನ ನಿರ್ಗಮನದವರೆಗೆ ಹೋಗಿಯೇ ತೀರಬೇಕು. ರಿವರ್ಸ್ ಬರುವುದು ಪ್ರಾಣಕ್ಕೆ ಸಂಚಕಾರ.

ಇಲ್ಲಿ ಕಾಡುವ ತಪ್ಪುಗಳು ಮೂರು. ಒಂದನೆಯದು, ಯಾವತ್ತೋ ಆನ್ ಮಾಡಿದ ‘ಅವಾಯ್ಡ್ ಟೋಲ್ಸ್’. ಗೂಗಲ್ ಮ್ಯಾಪ್ಸ್‌ನ ರೂಟ್ ಆಪ್ಷನ್ಸ್‌ನಲ್ಲಿ ‘ರಿಮೆಂಬರ್ ಸೆಟ್ಟಿಂಗ್ಸ್’ ಎಂಬ ಗುಂಡಿ ಇದೆ. ಅದು ಆನ್ ಇದ್ದರೆ ಟೋಲ್ ತಪ್ಪಿಸುವ ಆಯ್ಕೆಯೂ ಉಳಿದುಕೊಂಡಿರುತ್ತದೆ. ಆಗ ಆ್ಯಪ್ ನಿಮ್ಮನ್ನು ಸರ್ವೀಸ್ ರೋಡಿನಲ್ಲಿ, ಊರೂರಿನ ಹಂಪ್ ಮೇಲೆ ಹತ್ತಿಸಿ ಇಳಿಸಿ ಕರೆದೊಯ್ಯುತ್ತದೆ. ಹೊರಡುವ ಮುಂಚೆ ದಾರಿಯ ಪಟ್ಟಿಯ ಕೆಳಗೆ ‘ಟೋಲ್ಸ್’ ಎಂಬ ಪದ ಇದೆಯೇ ನೋಡಿ. ಇಲ್ಲವಾದರೆ ಇದೇ ಕಾರಣ.

ಎರಡನೆಯದು ಬೈಕಿನವರದು. 2023ರ ಆಗಸ್ಟ್ 1ರಿಂದ ಇಲ್ಲಿನ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಪ್ರವೇಶ ಇಲ್ಲ. ಗೂಗಲ್ ಮ್ಯಾಪ್ಸ್‌ನ ದ್ವಿಚಕ್ರ ಆಯ್ಕೆ 2017ರ ಡಿಸೆಂಬರಿನಿಂದ ಭಾರತದಲ್ಲಿದೆ, ಆದರೂ ಬಹಳ ಜನ ಕಾರಿನ ಗುರುತಿನಲ್ಲೇ ಬಿಟ್ಟು ಓಡಿಸುತ್ತಾರೆ. ಕಾರಿನ ದಾರಿ ನೇರವಾಗಿ ಮುಖ್ಯ ರಸ್ತೆಗೆ ಕಳಿಸುತ್ತದೆ. ಬೈಕಿನ ಗುರುತು ಆರಿಸಿದ ಮೇಲೂ ನೀಲಿ ಗೆರೆ ಸರ್ವೀಸ್ ರೋಡ್ ಮೇಲಿದೆಯೇ ಎಂದು ಹಿಗ್ಗಿಸಿ ನೋಡಿ. ಎರಡು ರಸ್ತೆಗಳ ನಡುವೆ ಕೆಲವೇ ಮೀಟರ್ ಅಂತರ ಇರುವುದರಿಂದ ಆ್ಯಪ್ ನಿಮ್ಮನ್ನು ಇನ್ನೊಂದರ ಮೇಲೆ ಕೂರಿಸುವುದೂ ಉಂಟು. ಸರ್ವೀಸ್ ರೋಡಿನಲ್ಲಿರುವ ಬೈಕಿಗೆ ‘ಬಲಕ್ಕೆ ಸೇರಿಕೊಳ್ಳಿ’ ಎಂದು ಕೇಳಿಸಿದರೆ ಸೇರಿಕೊಳ್ಳಬೇಡಿ.

ಮೂರನೆಯದು ಟೋಲ್ ಮೊತ್ತ. ಎರಡೂ ಆ್ಯಪ್‌ಗಳು ದಾರಿಯ ಟೋಲ್ ಎಷ್ಟು ಎಂದು ಮೊದಲೇ ತೋರಿಸುತ್ತವೆ. ಮ್ಯಾಪಲ್ಸ್‌ನಲ್ಲಿ ಟೋಲ್ ಮತ್ತು ಇಂಧನದ ಖರ್ಚನ್ನು ದಾರಿ ದಾರಿಗೆ ಹೋಲಿಸುವುದು ಹೆಚ್ಚು ಸಲೀಸು. ಈ ಹೆದ್ದಾರಿಯಲ್ಲಿ ಬಿಡದಿ ಸಮೀಪ ಒಂದು, ಶ್ರೀರಂಗಪಟ್ಟಣ ಸಮೀಪದ ಗಣಂಗೂರಿನಲ್ಲಿ ಇನ್ನೊಂದು ಕಡೆ ಟೋಲ್ ಕಟ್ಟಬೇಕು. ಆದರೆ 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗ 3,000 ರೂಪಾಯಿ, ಒಂದು ವರ್ಷ ಅಥವಾ 200 ಪ್ರಯಾಣ, ಯಾವುದು ಮೊದಲೋ ಅದು. ಇಲ್ಲಿ ಒಂದು ಟೋಲ್ ದಾಟಿದರೆ ಒಂದು ಪ್ರಯಾಣ. ಹೋಗಿಬರಲು ನಾಲ್ಕು ಖರ್ಚು, ಆ ಬೆಲೆಯಲ್ಲಿ ತಲಾ 15 ರೂಪಾಯಿಯಂತೆ 60 ರೂಪಾಯಿ. ಪಾಸ್ ಇರುವವರು ಆ್ಯಪ್ ತೋರಿಸುವ ಮೊತ್ತ ನೋಡಿ ಹಳೆಯ ದಾರಿ ಹಿಡಿದರೆ ಸಮಯವೂ ಹೋಯಿತು, ಇಂಧನವೂ ಹೋಯಿತು. ಈ ಪಾಸ್ ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಿಗೆ ಮಾತ್ರ. ಬೆಂಗಳೂರಿನ ಖಾಸಗಿ ಟೋಲ್ ರಸ್ತೆ ನೈಸ್‌ಗೆ ನಡೆಯುವುದಿಲ್ಲ. ಕನಕಪುರ ರಸ್ತೆ ಕಡೆಯಿಂದ ನೈಸ್ ಹಿಡಿದು ಮೈಸೂರು ರಸ್ತೆಗೆ ಬರುವವರು ಆ ಭಾಗದ ಟೋಲನ್ನು ಬೇರೆಯಾಗಿ ಕೂಡಿಸಿಕೊಳ್ಳಿ.

ವೇಗದ ಮಿತಿ ತೋರಿಸುವ ಸೌಲಭ್ಯವನ್ನೂ ಈ ರಸ್ತೆಯಲ್ಲಿ ಗಮನಿಸಬೇಕು. ಕಾರಿಗೆ ಇಲ್ಲಿ ಗಂಟೆಗೆ 100 ಕಿ.ಮೀ. ಮಿತಿ, ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳಿವೆ. ಕಾರಿನ ಮೀಟರ್ ಎಂದೂ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸದ ಹಾಗೆ, ತುಸು ಹೆಚ್ಚೇ ತೋರಿಸುವ ಹಾಗೆ ಮಾಡಿರುತ್ತಾರೆ. ಹಾಗಾಗಿ ಮೀಟರ್ 100 ಅಂದಾಗ ಫೋನು 95 ಅನ್ನಬಹುದು. ಸಮವೇಗದಲ್ಲಿ, ಬಯಲಿನಲ್ಲಿ ಫೋನಿನ ಅಂಕೆಯೇ ನಿಜಕ್ಕೆ ಹತ್ತಿರ. ಬ್ರೇಕ್ ಹಾಕಿದಾಗ, ಅಂಡರ್‌ಪಾಸ್‌ನಲ್ಲಿ ಅದು ಒಂದೆರಡು ಸೆಕೆಂಡ್ ಹಿಂದೆ ಬೀಳುತ್ತದೆ. ಕ್ಯಾಮೆರಾ ಮುಂದೆ ಆ ಐದನ್ನು ಬಳಸಿಕೊಳ್ಳುವ ಆಸೆ ಬೇಡ. ಗೂಗಲ್ ಮ್ಯಾಪ್ಸ್‌ನಲ್ಲಿ ಸ್ಪೀಡೋಮೀಟರ್ ಕಾಣದಿದ್ದರೆ ಪ್ರೊಫೈಲ್ ಚಿತ್ರ ಮುಟ್ಟಿ, ಸೆಟ್ಟಿಂಗ್ಸ್‌ನ ನ್ಯಾವಿಗೇಶನ್ ಭಾಗದಲ್ಲಿ ಆನ್ ಮಾಡಿ.

ಇಂಧನ ಉಳಿಸುವ ದಾರಿಗೆ ಹಸಿರು ಎಲೆಯ ಗುರುತು ಬರುತ್ತದೆ. ಅದೇ ಸೆಟ್ಟಿಂಗ್ಸ್‌ನಲ್ಲಿ ಎಂಜಿನ್ ಪೆಟ್ರೋಲೋ ಡೀಸೆಲ್ಲೋ ಹೈಬ್ರಿಡ್ಡೋ ಎಲೆಕ್ಟ್ರಿಕ್ಕೋ ಎಂದು ಹೇಳದಿದ್ದರೆ ಆ ಎಲೆಗೆ ಅರ್ಥವಿಲ್ಲ. ಎಲೆಕ್ಟ್ರಿಕ್ ವಾಹನದವರಿಗೆ ಪ್ಲಗ್ ಬಗೆಯ ಪ್ರಕಾರ ಚಾರ್ಜಿಂಗ್ ಸ್ಟೇಷನ್ ಹುಡುಕುವ ಸೌಲಭ್ಯ ಚೆನ್ನಾಗಿದೆ, ದ್ವಿಚಕ್ರಕ್ಕೂ ಬೇರೆ ಫಿಲ್ಟರ್ ಇದೆ. ‘ಖಾಲಿ ಇದೆ’ ಎಂಬ ಮಾಹಿತಿ ಮಾತ್ರ ಆಯಾ ಚಾರ್ಜಿಂಗ್ ಕಂಪನಿ ಕಳಿಸಿದರೆ ಉಂಟು. ಬ್ಯಾಟರಿ ಶೇ. 15ಕ್ಕೆ ಇಳಿದ ಮೇಲೆ ಅದನ್ನೇ ನೆಚ್ಚಬೇಡಿ.

ಕನ್ನಡದಲ್ಲಿ ಕೇಳುವುದು, ಕನ್ನಡದಲ್ಲಿ ಹುಡುಕುವುದು

ಗೂಗಲ್ ಮ್ಯಾಪ್ಸ್‌ಗೆ ಕನ್ನಡ ದನಿ 2017ರಲ್ಲೇ ಬಂತು. ಸೆಟ್ಟಿಂಗ್ಸ್‌ನ ನ್ಯಾವಿಗೇಶನ್ ಭಾಗದ ವಾಯ್ಸ್ ಸೆಲೆಕ್ಷನ್‌ನಲ್ಲಿ ಕನ್ನಡ ಆರಿಸಿದರೆ ಸಾಕು, ಫೋನಿನ ಭಾಷೆ ಬದಲಿಸಬೇಕಿಲ್ಲ. ದೂರ, ದಿಕ್ಕು ಸ್ಪಷ್ಟವಾಗಿ ಕೇಳಿಸುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದ ಚಾಲಕರು ಇಂದೇ ಬದಲಿಸಿಕೊಳ್ಳಬೇಕಾದ ಸೆಟ್ಟಿಂಗ್ ಇದು. ಅರ್ಥ ಮಾಡಿಕೊಳ್ಳಲು ತೆಗೆದುಕೊಳ್ಳುವ ಒಂದು ಸೆಕೆಂಡ್ ಉಳಿದರೆ ಹೆದ್ದಾರಿಯಲ್ಲಿ 28 ಮೀಟರ್ ಉಳಿದಂತೆ. ಅಡ್ಡರಸ್ತೆಗಳ ಹೆಸರು ಓದುವಾಗ ದನಿ ತೊದಲುತ್ತದೆ, ಅಲ್ಲಿ ಕಿವಿಗಿಂತ ಕಣ್ಣು ಮೇಲು.

ಹುಡುಕುವಾಗ ಇರುವ ಅಪಾಯ ಇನ್ನೂ ದೊಡ್ಡದು. 2021ರಿಂದ ಊರು, ಅಂಗಡಿಗಳ ಹೆಸರನ್ನು ಯಂತ್ರವೇ ಕನ್ನಡ ಲಿಪಿಗೆ ತರುತ್ತಿದೆ, ಆದ್ದರಿಂದ ಕನ್ನಡದಲ್ಲೇ ಟೈಪ್ ಮಾಡಿ ಹುಡುಕಬಹುದು. ಆದರೆ ‘ಕೊಪ್ಪ’ ಎಂದು ಹಾಕಿ ನೋಡಿ. ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು ಕೇಂದ್ರ ಒಂದು ಕೊಪ್ಪ, ಮದ್ದೂರು ತಾಲ್ಲೂಕಿನದು ಇನ್ನೊಂದು, ಕುಶಾಲನಗರದ ಆಚೆ ಬೈಲಕುಪ್ಪೆ ದಾರಿಯದು ಮತ್ತೊಂದು. ಮೂರಕ್ಕೂ ದಿಕ್ಕೇ ಬೇರೆ. ಹೊಸಹಳ್ಳಿ, ರಾಮಪುರ, ಶಿವಪುರಗಳಂತೂ ಎಷ್ಟಿವೆಯೋ. ಆ್ಯಪ್ ತನಗೆ ಹತ್ತಿರ ಅನ್ನಿಸಿದ್ದನ್ನು ಮೇಲೆ ತೋರಿಸುತ್ತದೆ. ಮದುವೆ ಛತ್ರಕ್ಕೆ ಹೊರಟವರು ಬೇರೆ ಜಿಲ್ಲೆಗೆ ಹೋಗುವುದು ಹೀಗೆ. ಊರಿನ ಹೆಸರಿನ ಜೊತೆ ತಾಲ್ಲೂಕಿನ ಹೆಸರು ಸೇರಿಸಿ, ಬಂದ ಫಲಿತಾಂಶದ ಪಿನ್ ಕೋಡನ್ನು ಲಗ್ನಪತ್ರಿಕೆಯದರ ಜೊತೆ ಹೋಲಿಸಿ. ಕರೆಯುವವರೇ ಲೊಕೇಶನ್ ಕಳಿಸುವುದು ಎಲ್ಲಕ್ಕಿಂತ ಒಳ್ಳೆಯದು. ಗೂಗಲ್‌ನಲ್ಲಿ ಪ್ಲಸ್ ಕೋಡ್, ಮ್ಯಾಪಲ್ಸ್‌ನಲ್ಲಿ ಆರು ಅಕ್ಷರದ ಮ್ಯಾಪಲ್ಸ್ ಪಿನ್ ಇದೆ. ಬೀದಿ ಹೆಸರಿಲ್ಲದ ತೋಟದ ಮನೆಗೂ ಅವು ಸಿಗುತ್ತವೆ.

2025ರ ನವೆಂಬರಿನಲ್ಲಿ ಗೂಗಲ್ ತನ್ನ ಕೃತಕ ಬುದ್ಧಿಮತ್ತೆಯ ಸಹಾಯಕ ಜೆಮಿನಿಯನ್ನು ನ್ಯಾವಿಗೇಶನ್ ಒಳಗೆ ತಂದಿತು. ದಾರಿಯಲ್ಲಿ ಪಾರ್ಕಿಂಗ್ ಇರುವ ಹೋಟೆಲ್, ಮುಂದಿನ ಬಂಕ್ ಎಂದು ಮಾತಿನಲ್ಲೇ ಕೇಳಬಹುದು. ಕೈ ಸ್ಟೀರಿಂಗ್ ಮೇಲೇ ಇರುತ್ತದೆ ಎಂಬುದೇ ಇದರ ಗುಣ. ಹೆಚ್ಚು ಬೆಲೆಯುಳ್ಳದ್ದು ಅದರ ಜೊತೆ ಬಂದ ಅಪಘಾತ ವಲಯದ ಎಚ್ಚರಿಕೆ. ಗುರುಗ್ರಾಮ, ಸೈಬರಾಬಾದ್, ಚಂಡೀಗಢ, ಫರೀದಾಬಾದ್‌ಗಳಲ್ಲಿ ಅಲ್ಲಿನ ಪೊಲೀಸರ ಮಾಹಿತಿ ಪಡೆದು ಶುರು ಮಾಡಿದರು. ನಮ್ಮ ಹೆದ್ದಾರಿಗಳ ಬ್ಲ್ಯಾಕ್ ಸ್ಪಾಟ್‌ಗಳ ಪಟ್ಟಿಯೂ ಹೀಗೇ ಚಾಲಕರ ಕಿವಿಗೆ ಬೀಳಬೇಕು. ಹಂಪ್, ಗುಂಡಿ, ಕಡಿದಾದ ತಿರುವುಗಳ ಎಚ್ಚರಿಕೆಯಲ್ಲಿ ಈಗ ಮ್ಯಾಪಲ್ಸ್‌ನದೇ ಮೇಲುಗೈ. ಬಣ್ಣ ಬಳಿಯದ ಹಂಪ್‌ಗಳಿರುವ ರಾಜ್ಯ ಹೆದ್ದಾರಿಯಲ್ಲಿ ರಾತ್ರಿ ಓಡಿಸುವವರು ಇದೊಂದಕ್ಕಾಗಿಯೇ ಅದನ್ನು ಇಟ್ಟುಕೊಳ್ಳಬಹುದು. ಸಂಚಾರ ದಟ್ಟಣೆಯ ಅಂದಾಜಿಗೆ ಮಾತ್ರ ಗೂಗಲ್ಲೇ ಸರಿ. ಆ ಅಂದಾಜು ರಸ್ತೆಯ ಮೇಲಿನ ಫೋನುಗಳಿಂದಲೇ ಬರುವುದರಿಂದ, ಹೆಚ್ಚು ಜನ ಬಳಸುವ ಆ್ಯಪ್‌ಗೆ ಹೆಚ್ಚು ತಿಳಿಯುತ್ತದೆ.

ಘಾಟಿ, ಕಾಡು, ನೀರು

ಇಲ್ಲಿ ಯಾವ ಹೊಸ ಸೌಲಭ್ಯವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಒಂದು ರಸ್ತೆ ಮುಚ್ಚಿದೆ ಎಂದು ಆ್ಯಪ್‌ಗೆ ತಿಳಿಯುವುದು ಯಾರಾದರೂ ಹೇಳಿದಾಗ, ಇಲ್ಲವೇ ಅಲ್ಲಿ ಓಡಾಡುವ ಫೋನುಗಳು ಇದ್ದಕ್ಕಿದ್ದಂತೆ ನಿಂತುಹೋದಾಗ. ರಾತ್ರಿ ಹೊತ್ತು ಮೊದಲೇ ವಾಹನ ಕಡಿಮೆ, ನೆಟ್‌ವರ್ಕೂ ಇಲ್ಲದ ಘಾಟಿಯಲ್ಲಿ ಫೋನುಗಳು ಮೌನವಾದರೆ ಗುಡ್ಡ ಕುಸಿದದ್ದೂ ಒಂದೇ, ಯಾರೂ ಓಡಾಡದ್ದೂ ಒಂದೇ. ನಕ್ಷೆಯಲ್ಲಿ ಕೆಂಪು ಕಾಣುವುದಿಲ್ಲ ಅಂದರೆ ರಸ್ತೆ ತೆರೆದಿದೆ ಎಂದು ಅರ್ಥವಲ್ಲ. ಶಿರಾಡಿ, ಚಾರ್ಮಾಡಿ, ಆಗುಂಬೆಗಳಿಗೆ ಮಳೆಗಾಲದಲ್ಲಿ ಜಿಲ್ಲಾಡಳಿತ ನಿರ್ಬಂಧ ಹಾಕುವುದು ರೂಢಿ. ಆದೇಶ ಸಂಜೆ ಹೊರಬಿದ್ದರೆ ನಕ್ಷೆಗೆ ಬರುವುದು ತಡವಾಗಬಹುದು. ಸಕಲೇಶಪುರ ಅಥವಾ ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಲ್ಲಿಸಿ ಎದುರಿನಿಂದ ಬಂದ ಬಸ್ ಡ್ರೈವರನ್ನು ಕೇಳುವುದು ಈಗಲೂ ಉತ್ತಮ ಮಾಹಿತಿ ಮೂಲ.

ನಕ್ಷೆ ಹಳೆಯದಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ 2024ರ ನವೆಂಬರಿನ ಬರೇಲಿ ದುರಂತ ಸಾಕ್ಷಿ. ಪ್ರವಾಹಕ್ಕೆ ಮುಂಭಾಗ ಕೊಚ್ಚಿಹೋಗಿದ್ದ ಸೇತುವೆಯ ಮೇಲಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ತೀರಿಕೊಂಡರು. ಸೇತುವೆಗೆ ಸರಿಯಾದ ತಡೆಯೂ ಇರಲಿಲ್ಲ. ಬೆಂಗಳೂರಿನಲ್ಲಿ 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನ ನೀರಿನಲ್ಲಿ ಕಾರು ಸಿಲುಕಿ ಯುವತಿಯೊಬ್ಬರು ಜೀವ ಕಳೆದುಕೊಂಡರು. ಅಂಡರ್‌ಪಾಸ್‌ನಲ್ಲಿ ಎಷ್ಟು ಅಡಿ ನೀರಿದೆ ಎಂದು ನೀಲಿ ಗೆರೆ ಹೇಳುವುದಿಲ್ಲ. ಜೋರು ಮಳೆಯಲ್ಲಿ ದಾರಿ ಅಂಡರ್‌ಪಾಸ್ ಮೂಲಕ ಇದ್ದರೆ ಬದಲಿಸಿ, ಇಪ್ಪತ್ತು ನಿಮಿಷ ತಡವಾದರೂ ಸರಿ.

ಬಂಡೀಪುರದ ಲೆಕ್ಕ ಗಡಿಯಾರದ್ದು. ಮೈಸೂರಿನಿಂದ ಗುಂಡ್ಲುಪೇಟೆ ಮೇಲೆ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಮತ್ತು ಊಟಿಗೆ ಹೋಗುವ 181, ಎರಡೂ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಿಂದ ಇದೇ ನಿಯಮ. ಹೊರಡುವ ಮುಂಚೆ ಗೂಗಲ್ ಮ್ಯಾಪ್ಸ್‌ನಲ್ಲಿ ಗಮ್ಯವನ್ನು ಊಟಿಗೆ ಇಡಬೇಡಿ, ಕಾಡಿನ ಚೆಕ್‌ಪೋಸ್ಟಿಗೆ ಇಡಿ. ಮೂರು ಚುಕ್ಕಿ ಮುಟ್ಟಿ ಹೊರಡುವ ಸಮಯ ನಮೂದಿಸಿ, ತಲುಪುವ ಹೊತ್ತು 8 ಗಂಟೆ ದಾಟಿದರೆ ಯೋಜನೆ ಬದಲಿಸಿ. ಊಟ, ಪಂಕ್ಚರ್ ಎರಡಕ್ಕೂ ಸೇರಿ ಒಂದು ಗಂಟೆ ಕೈಯಲ್ಲಿರಬೇಕು. ವಯನಾಡಿನ ಕಡೆಗಾದರೆ ಹುಣಸೂರು–ಗೋಣಿಕೊಪ್ಪ–ಕುಟ್ಟ ಬದಲಿ ದಾರಿ ಇದೆ.

ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆಯನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ: ಪ್ರೊಫೈಲ್ ಚಿತ್ರ, ಆಫ್‌ಲೈನ್ ಮ್ಯಾಪ್ಸ್, ಸೆಲೆಕ್ಟ್ ಯುವರ್ ಓನ್ ಮ್ಯಾಪ್. ನೀಲಿ ಚೌಕದೊಳಗೆ ಹೊರಡುವ ಊರು, ಸೇರುವ ಊರು, ನಡುವಿನ ಘಾಟಿ ಮೂರೂ ಬರಬೇಕು. ಒಂದು ತುದಿ ಹೊರಗುಳಿದರೂ ನೆಟ್‌ವರ್ಕ್ ಇಲ್ಲದಾಗ ದಾರಿ ಸಿಗುವುದಿಲ್ಲ. ಆಫ್‌ಲೈನಿನಲ್ಲಿ ದಟ್ಟಣೆಯೂ ಇಲ್ಲ, ಬದಲಿ ದಾರಿಗಳೂ ಇಲ್ಲ. ಅದಕ್ಕೇ ಜನರೇ ಸೇರಿ ರೂಪಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಆಧಾರಿತ ಆಸ್ಮ್‌ಆ್ಯಂಡ್‌ನಲ್ಲಿ ಕರ್ನಾಟಕದ ಫೈಲನ್ನು ಇಳಿಸಿ ಇಟ್ಟುಕೊಳ್ಳುವುದು ಜಾಣತನ. ಅದು ಪೂರ್ತಿ ಫೋನಿನೊಳಗೇ ಲೆಕ್ಕ ಹಾಕುತ್ತದೆ. ನಗರದ ಅಂಗಡಿ ಹುಡುಕಲು ಅಷ್ಟು ಒಳ್ಳೆಯದಲ್ಲ, ಘಾಟಿಯಲ್ಲಿ ದಾರಿ ತಪ್ಪಿದಾಗ ಬಹಳ ಒಳ್ಳೆಯದು.

ಮುಚ್ಚಿದ ರಸ್ತೆ ಕಂಡರೆ ಗೂಗಲ್ ಮ್ಯಾಪ್ಸ್‌ಗೆ ತಿಳಿಸುವುದು ಈಗ ಸುಲಭ. ನ್ಯಾವಿಗೇಶನ್ ತೆರೆಯ ಬದಿಯ ಎಚ್ಚರಿಕೆ ಗುರುತು ಮುಟ್ಟಿ, ಬಗೆ ಆರಿಸಿದರೆ ಮುಗಿಯಿತು. ಹಿಂದೆ ಬರುವವರಿಗೆ ‘ಇನ್ನೂ ಹಾಗೇ ಇದೆಯಾ’ ಎಂಬ ಪ್ರಶ್ನೆ ಹೋಗುತ್ತದೆ, ಅವರು ಹೌದೆಂದಷ್ಟೂ ಸೂಚನೆ ಗಟ್ಟಿಯಾಗುತ್ತದೆ. ಇದನ್ನು ಪಕ್ಕದಲ್ಲಿ ಕೂತವರು ಮಾಡಲಿ, ಇಲ್ಲವೇ ಗಾಡಿ ನಿಲ್ಲಿಸಿ ಮಾಡಿ. ಕಾಯಂ ಆಗಿ ತಪ್ಪಾಗಿರುವ ರಸ್ತೆಗೆ ಮನೆಗೆ ಹೋದ ಮೇಲೆ ‘ಎಡಿಟ್ ಮ್ಯಾಪ್’ನಲ್ಲಿ ರಸ್ತೆ ಆರಿಸಿ, ಏನು ತಪ್ಪು ಎಂದು ಒಂದು ಸಾಲು ಬರೆದು, ಬ್ಯಾರಿಕೇಡಿನ ಫೋಟೊ ಸೇರಿಸಿ ಕಳಿಸಿ. ಒಪ್ಪಿಗೆಯಾದರೆ ಇಮೇಲ್ ಬರುತ್ತದೆ.